ರಾತ್ರಿ ತೊಟ್ಟು ಬೆಳಗಿಗೆ ಕಳಚುವ ಕನ್ನಡಕ

ಗುಳೇದಗುಡ್ಡದ ಓಣಿಗಳಲ್ಲಿ ನಡೆಯುವವರಿಗೆ ಮಗ್ಗ ಕಣ್ಣಿಗೆ ಬೀಳುವುದಕ್ಕಿಂತ ಮೊದಲು ಅದರ ಸಪ್ಪಳ ಕಿವಿಗೆ ಬೀಳುತ್ತದೆ. ಖಣವೆಂಬ ಕುಪ್ಪಸದ ಬಟ್ಟೆಗೆ ಹೆಸರಾದ ಊರು ಅದು. ಹಿಂದಿನಷ್ಟು ಮಗ್ಗಗಳು ಈಗ ಅಲ್ಲಿ ಉಳಿದಿಲ್ಲವಾದರೂ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ಲಾಳಿ ಎಸೆಯುವ ಹಿರಿಯರು ಇನ್ನೂ ಇದ್ದಾರೆ. ಅಂಥವರೊಬ್ಬರ ಮನೆಯಲ್ಲಿ ನಾವು ಒಂದು ಮಧ್ಯಾಹ್ನ ಕುಳಿತಿದ್ದೆವು. ಮಾತಿನ ನಡುವೆ ಹಾಸಿನ ಎಳೆಯೊಂದು ಹರಿಯಿತು. ಆ ವೃದ್ಧರು ಕನ್ನಡಕವನ್ನು ತೆಗೆದು ಗೋಡೆಯ ಮೊಳೆಗೆ ತೂಗುಹಾಕಿ, ಬರಿಗಣ್ಣಿನಿಂದಲೇ ಹರಿದ ಎಳೆಯನ್ನು ಹುಡುಕಿ ಗಂಟುಹಾಕಿದರು. ಹತ್ತಿರದಲ್ಲಿಯೇ ಹತ್ತನೆಯ ತರಗತಿಯ ಪುಸ್ತಕ ಹಿಡಿದು ಕುಳಿತಿದ್ದ ಅವರ ಮೊಮ್ಮಗಳೂ ಕನ್ನಡಕವನ್ನು ಕಳಚಿ ಪಕ್ಕದಲ್ಲಿಟ್ಟಿದ್ದಳು. ನಾವು ವಿಜ್ಞಾನದ ವಿಷಯಗಳನ್ನು ಕುರಿತು ಬರೆಯುವವರೆಂದು ತಿಳಿದೊಡನೆ ಅವಳು ಕೇಳಿದ ಪ್ರಶ್ನೆ ಇದು:

“ಸರ, ರಾತ್ರಿ ಕಣ್ಣಾಗ ಲೆನ್ಸ್ ಹಾಕ್ಕೊಂಡು ಮಲಗಿದ್ರ ಮುಂಜಾನೆ ಚಷ್ಮಾನ ಬ್ಯಾಡಂತ. ಖರೇನ್ರಿ?”

ಖರೆಯೆ. ಆದರೆ ಆ ಒಂದು ಮಾತನ್ನು ಹೇಳಿ ಎದ್ದುಬರುವಂತಿರಲಿಲ್ಲ. ಅವಳ ತಂದೆ ಬೆಂಗಳೂರಿಗೆ ಹೋದಾಗ ಈ ಮಸೂರದ ಬೆಲೆಯನ್ನು ವಿಚಾರಿಸಿಕೊಂಡು ಬಂದಿದ್ದರು. ಅದು ಒಬ್ಬ ನೇಕಾರನ ಹಲವು ತಿಂಗಳ ದುಡಿಮೆಗೆ ಸಮನಾಗಿತ್ತು. ಸಾಲ ಮಾಡಿಯಾದರೂ ಕೊಡಿಸಬೇಕೆ, ಬೇಡವೆ ಎಂಬ ಮಾತು ಆ ಮನೆಯಲ್ಲಿ ಆಗಲೇ ನಡೆದಿತ್ತು. ಹೀಗಾಗಿ ನಾವು ಹೇಳುವ ಉತ್ತರಕ್ಕೆ ಅಲ್ಲಿ ಬೆಲೆಯಿತ್ತು. ಅಂದು ಅವರಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲು ಸಮೀಪದೃಷ್ಟಿ ಎಂದರೇನೆಂಬುದನ್ನು ತಿಳಿದುಕೊಳ್ಳೋಣ. ಹತ್ತಿರದ ವಸ್ತು ಸ್ಪಷ್ಟವಾಗಿ ಕಂಡು ದೂರದ್ದು ಮಬ್ಬಾಗುವುದೇ ಈ ದೋಷ. ನಮ್ಮ ಕಣ್ಣುಗುಡ್ಡೆ ಒಂದು ಚಿಕ್ಕ ಕತ್ತಲೆಕೋಣೆ. ಅದರ ಮುಂಭಾಗದಲ್ಲಿ ಬೆಳಕನ್ನು ಬಾಗಿಸುವ ಸಾಧನಗಳಿವೆ. ಹಿಂಭಾಗದ ಗೋಡೆಗೆ ಅಕ್ಷಿಪಟಲವೆಂಬ ಸೂಕ್ಷ್ಮವಾದ ಪರದೆ ಅಂಟಿಕೊಂಡಿದೆ. ದೂರದ ಬೆಟ್ಟದಿಂದ ಬಂದ ಕಿರಣಗಳು ಸರಿಯಾಗಿ ಆ ಪರದೆಯ ಮೇಲೆಯೇ ಕೂಡಿಕೊಂಡರೆ ಬೆಟ್ಟ ಸ್ಪಷ್ಟವಾಗಿ ಕಾಣುತ್ತದೆ. ವಯಸ್ಕರಲ್ಲಿ ಮುಂದಿನಿಂದ ಹಿಂದಿನವರೆಗೆ ಕಣ್ಣಿನ ಉದ್ದ ಸುಮಾರು ೨೪ ಮಿಲಿಮೀಟರು. ಇದು ಒಂದು ಮಿಲಿಮೀಟರಿನಷ್ಟು ಹೆಚ್ಚಾಯಿತೆನ್ನಿ; ಆಗ ಕಿರಣಗಳು ಪರದೆಯನ್ನು ಮುಟ್ಟುವ ಮೊದಲೇ ಕೂಡಿ, ಮತ್ತೆ ಚದರಿ, ಪರದೆಯ ಮೇಲೆ ಚುಕ್ಕೆಯ ಬದಲು ಮಚ್ಚೆಯನ್ನು ಮೂಡಿಸುತ್ತವೆ. ಸಮೀಪದೃಷ್ಟಿಯುಳ್ಳ ಬಹುಪಾಲು ಜನರ ಕಣ್ಣಿನಲ್ಲಿರುವ ದೋಷ ಇಷ್ಟೆ: ಕೋಣೆ ಉದ್ದವಾಗಿಬಿಟ್ಟಿದೆ.

ಈ ದೋಷವನ್ನು ಮೊದಲು ಸರಿಯಾಗಿ ವಿವರಿಸಿದವನು, ಗ್ರಹಗಳ ಚಲನೆಯ ನಿಯಮಗಳಿಂದ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನಾದ ಕೆಪ್ಲರನೇ. ಕಿರಣಗಳು ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡುತ್ತವೆಯೆಂದೂ ಆದುದರಿಂದಲೇ ನಡು ತೆಳ್ಳಗಿರುವ ನಿಮ್ನ ಮಸೂರ ಅಂಥವರಿಗೆ ನೆರವಾಗುತ್ತದೆಂದೂ ಅವನು ೧೬೦೪ರಲ್ಲಿ ತೋರಿಸಿಕೊಟ್ಟನು. ಆಕಾಶವನ್ನು ಅಷ್ಟೊಂದು ಅಧ್ಯಯನ ಮಾಡಿದ ಅವನ ಕಣ್ಣುಗಳೇ ಮಂದವಾಗಿದ್ದುವೆಂಬುದು ಒಂದು ವಿಚಿತ್ರ.

ಓದುಗರಲ್ಲಿ ಕನ್ನಡಕ ಹಾಕುವವರು ತಮ್ಮ ದೋಷವನ್ನು ತಾವೇ ಅಳೆದುಕೊಳ್ಳಬಹುದು. ಕನ್ನಡಕ ತೆಗೆದು, ಒಂದು ಕಣ್ಣನ್ನು ಮುಚ್ಚಿ, ಸಣ್ಣ ಅಚ್ಚಿನ ಪುಸ್ತಕವನ್ನು ಮುಖದಿಂದ ಮೆಲ್ಲಮೆಲ್ಲನೆ ದೂರ ಸರಿಸಬೇಕು. ಅಕ್ಷರಗಳ ಅಂಚು ಮಬ್ಬಾಗಲು ತೊಡಗುವ ಸ್ಥಳದಲ್ಲಿ ನಿಲ್ಲಿಸಿ, ಕಣ್ಣಿನಿಂದ ಅಲ್ಲಿಯವರೆಗಿನ ದೂರವನ್ನು ಮೀಟರುಗಳಲ್ಲಿ ಅಳೆಯಬೇಕು. ಒಂದನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಡಯಾಪ್ಟರುಗಳಲ್ಲಿ ದೋಷದ ಪ್ರಮಾಣ ದೊರೆಯುತ್ತದೆ. ಆ ಹುಡುಗಿಯ ಪುಸ್ತಕ ಮಬ್ಬಾದುದು ೪೦ ಸೆಂಟಿಮೀಟರಿನಲ್ಲಿ, ಎಂದರೆ ೦.೪ ಮೀಟರಿನಲ್ಲಿ. ಒಂದನ್ನು ೦.೪ರಿಂದ ಭಾಗಿಸಿದರೆ ಎರಡೂವರೆ. ವೈದ್ಯರ ಚೀಟಿಯಲ್ಲಿಯೂ ಅಷ್ಟೇ ಬರೆದಿತ್ತು. ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ಮೋಜಿನದು. ರಟ್ಟಿನ ಚೂರಿನಲ್ಲಿ ಸೂಜಿಯಿಂದ ರಂಧ್ರ ಮಾಡಿ, ಕನ್ನಡಕವಿಲ್ಲದೆ ಅದರ ಮೂಲಕ ಊರಿನ ಆಚೆಯ ಗುಡ್ಡವನ್ನು ನೋಡಿರಿ. ಮಬ್ಬಾಗಿದ್ದ ಬಂಡೆಗಳ ಅಂಚು ಕೂಡಲೇ ತಿಳಿಯಾಗುತ್ತದೆ. ರಂಧ್ರವು ಕಿರಣಗಳ ಕಟ್ಟನ್ನು ಕಿರಿದುಮಾಡುವುದರಿಂದ ಪರದೆಯ ಮೇಲಿನ ಮಚ್ಚೆಯೂ ಕಿರಿದಾಗುತ್ತದೆ. ಹೀಗೆ ತಿಳಿಯಾಗದಿದ್ದರೆ ದೋಷ ಬರಿಯ ಕನ್ನಡಕದಿಂದ ಹೋಗುವಂಥದಲ್ಲದಿರಬಹುದು. ಅಂಥವರು ತಡಮಾಡದೆ ನೇತ್ರವೈದ್ಯರನ್ನು ಕಾಣಬೇಕು.

ಇನ್ನು ರಾತ್ರಿಯ ಮಸೂರದ ವಿಷಯ. ಉದ್ದವಾದ ಕೋಣೆಯನ್ನು ಮೋಟು ಮಾಡುವ ಉಪಾಯ ಇಂದಿಗೂ ಯಾರ ಬಳಿಯಲ್ಲಿಯೂ ಇಲ್ಲ. ಹಿಂದಿನ ಗೋಡೆಯನ್ನು ಮುಂದೆ ತರಲಾಗದಿದ್ದರೆ ಕಿರಣಗಳು ಕೂಡುವ ಸ್ಥಳವನ್ನಾದರೂ ಹಿಂದಕ್ಕೆ ಕಳುಹಿಸಬೇಕು. ಕನ್ನಡಕ ಮಾಡುವುದೂ ಅದನ್ನೇ. ಕಣ್ಣಿನ ಅತ್ಯಂತ ಮುಂದೆ, ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕವಾದ ಪೊರೆಯೊಂದಿದೆ. ಇದನ್ನು ಕಾರ್ನಿಯ ಎನ್ನುತ್ತಾರೆ. ಕಣ್ಣಿನಲ್ಲಿ ಬೆಳಕನ್ನು ಬಾಗಿಸುವ ಕೆಲಸವೆಲ್ಲ ಒಳಗಿನ ಮಸೂರದ್ದೆಂದು ಅನೇಕರು ಭಾವಿಸಿರುತ್ತಾರೆ. ವಾಸ್ತವವಾಗಿ ಕಣ್ಣಿನ ಒಟ್ಟು ಶಕ್ತಿಯಾದ ಸುಮಾರು ೬೦ ಡಯಾಪ್ಟರಿನಲ್ಲಿ ೪೩ರಷ್ಟು ಕಾರ್ನಿಯದ್ದೇ. ಈ ಉಬ್ಬನ್ನು ಕೊಂಚ ತಗ್ಗಿಸಿದರೆ ಸಾಕು, ಕಿರಣಗಳು ಹಿಂದೆ ಸರಿದು ಕೂಡುತ್ತವೆ.

ಎಷ್ಟು ತಗ್ಗಿಸಬೇಕು? ಲೆಕ್ಕವನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಲ್ಲನು. ಕಾರ್ನಿಯದ ವಕ್ರೀಭವನಾಂಕ ೧.೩೭೬, ಅದರ ಮುಂಮೈಯ ವಕ್ರತಾತ್ರಿಜ್ಯ ಸಾಮಾನ್ಯವಾಗಿ ೭.೮ ಮಿಲಿಮೀಟರು. ೦.೩೭೬ನ್ನು ಮೀಟರಿನಲ್ಲಿ ಹೇಳಿದ ತ್ರಿಜ್ಯದಿಂದ ಭಾಗಿಸಿದರೆ ಮುಂಮೈಯ ಶಕ್ತಿ ಸುಮಾರು ೪೮ ಡಯಾಪ್ಟರು ಬರುತ್ತದೆ. (ಹಿಂಮೈ ಇದರಲ್ಲಿ ಸ್ವಲ್ಪ ಕಳೆದುಹಾಕುವುದರಿಂದ ಒಟ್ಟು ೪೩ ಆಗುವುದು.) ಮೂರು ಡಯಾಪ್ಟರು ಕಡಿಮೆ ಮಾಡಬೇಕಾದರೆ ತ್ರಿಜ್ಯವು ಸುಮಾರು ೮.೩ ಮಿಲಿಮೀಟರು ಆಗಬೇಕು. ನಡುವಿನ ನಾಲ್ಕು ಮಿಲಿಮೀಟರು ಅಗಲದ ವೃತ್ತವನ್ನು ಮಾತ್ರ ತೆಗೆದುಕೊಂಡರೆ, ಈ ಎರಡು ವಕ್ರಗಳ ಎತ್ತರದಲ್ಲಿರುವ ವ್ಯತ್ಯಾಸ ೧೭ ಮೈಕ್ರಾನು. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನು ಎಂದು ಹೆಸರು. ೧೭ ಮೈಕ್ರಾನೆಂದರೆ ತಲೆಗೂದಲಿನ ದಪ್ಪದ ಕಾಲುಭಾಗದಷ್ಟು. ಮಬ್ಬಿಗೂ ತಿಳಿನೋಟಕ್ಕೂ ನಡುವೆ ಇರುವ ಅಂತರ ಇಷ್ಟು ಕಡಿಮೆಯೆಂಬುದನ್ನು ಲೆಕ್ಕ ಮಾಡಿ ನೋಡಿದ ಹೊರತು ನಂಬುವುದು ಕಷ್ಟ.

ಕಾರ್ನಿಯದ ನಡುಭಾಗದ ದಪ್ಪ ಸುಮಾರು ೫೪೦ ಮೈಕ್ರಾನು. ಇದರ ಹೊರಪದರ ಜೀವಕೋಶಗಳ ಕೆಲವು ಸಾಲುಗಳಿಂದಾದುದು. ದಪ್ಪ ಸುಮಾರು ೫೦ ಮೈಕ್ರಾನು. ಕೋಶಗಳು ಸವೆದು ಉದುರುತ್ತ, ಹೊಸವು ಹುಟ್ಟುತ್ತ ಈ ಪದರ ಸದಾ ನವೀಕರಣಗೊಳ್ಳುತ್ತಿರುತ್ತದೆ. ರಾತ್ರಿಯ ಮಸೂರ ಕೆಲಸ ಮಾಡುವುದು ಮುಖ್ಯವಾಗಿ ಈ ಹೊರಪದರದ ಮೇಲೆ ಮಾತ್ರ. ಲೇಸರ್ ಚಿಕಿತ್ಸೆಯಲ್ಲಿ ಕಾರ್ನಿಯದ ದ್ರವ್ಯವನ್ನೇ ಕೆತ್ತಿ ತೆಗೆಯುತ್ತಾರೆ; ಅದು ಮತ್ತೆ ಬೆಳೆಯುವುದಿಲ್ಲ. ಇಲ್ಲಿ ಕೆತ್ತುವುದೇನೂ ಇಲ್ಲ.

ಈ ಉಪಾಯ ಒಮ್ಮೆಗೇ ಹೊಳೆದುದಲ್ಲ. ಕಣ್ಣಿಗೆ ಅಂಟಿಕೊಂಡಿರುವ ಮಸೂರವನ್ನು, ಎಂದರೆ ಕಾಂಟ್ಯಾಕ್ಟ್ ಲೆನ್ಸನ್ನು, ೧೮೮೭-೮೮ರ ಸುಮಾರಿನಲ್ಲಿಯೇ ಜರ್ಮನಿಯ ಫಿಕ್ ಮುಂತಾದವರು ಗಾಜಿನಿಂದ ಮಾಡಿ ನೋಡಿದ್ದರು. ೧೯೪೦ರ ದಶಕದ ಕೊನೆಗೆ ಕಾರ್ನಿಯದ ಮೇಲೆ ಮಾತ್ರ ಕೂರುವ ಚಿಕ್ಕ ಪ್ಲಾಸ್ಟಿಕ್ ಮಸೂರಗಳು ಬಂದುವು. ಅವನ್ನು ಕೆಲವು ಕಾಲ ಧರಿಸಿದವರಲ್ಲಿ ಕೆಲವರು, ಮಸೂರ ತೆಗೆದ ಬಳಿಕವೂ ಕೆಲವು ಹೊತ್ತು ದೂರದ ವಸ್ತುಗಳು ಮೊದಲಿಗಿಂತ ಚೆನ್ನಾಗಿ ಕಾಣುತ್ತವೆಂದು ಹೇಳತೊಡಗಿದರು. ಗಟ್ಟಿ ಮಸೂರ ಕಾರ್ನಿಯದ ಆಕಾರವನ್ನು ಬದಲಿಸಿತ್ತು. ಇತರರು ಇದನ್ನು ಒಂದು ತೊಂದರೆಯೆಂದು ಬಗೆದರೆ, ಅಮೆರಿಕದ ಶಿಕಾಗೋ ನಗರದ ಜಾರ್ಜ್ ಜೆಸ್ಸೆನ್ ಎಂಬವರು ಇದನ್ನೇ ಚಿಕಿತ್ಸೆಯಾಗಿ ಬಳಸಬಾರದೇಕೆಂದು ಕೇಳಿದರು. ೧೯೬೨ರಲ್ಲಿ ಅವರು ಬೇಕೆಂದೇ ಕಾರ್ನಿಯಕ್ಕಿಂತ ಚಪ್ಪಟೆಯಾದ ಮಸೂರಗಳನ್ನು ತೊಡಿಸಿ ದೃಷ್ಟಿಯನ್ನು ತಿದ್ದುವ ಕ್ರಮವೊಂದನ್ನು ಪ್ರಕಟಿಸಿದರು.

ಉತ್ಸಾಹ ಬಹಳವಿತ್ತು, ಫಲ ಅಷ್ಟಿರಲಿಲ್ಲ. ಉಬ್ಬಿದ ಮೈಯ ಮೇಲೆ ಚಪ್ಪಟೆಯಾದ ತಟ್ಟೆಯನ್ನು ಇಟ್ಟರೆ ಅದು ನಡುವಿನಲ್ಲಿ ನಿಲ್ಲದೆ ಪಕ್ಕಕ್ಕೆ ಜಾರುತ್ತದೆ. ಜಾರಿದ ಮಸೂರ ಕಾರ್ನಿಯವನ್ನು ಓರೆಯಾಗಿ ತಿದ್ದಿ, ಇಲ್ಲದ ದೋಷವನ್ನು ಹುಟ್ಟಿಸುತ್ತಿತ್ತು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ನಡೆದು ೧೯೮೩ರಲ್ಲಿ ಪ್ರಕಟವಾದ ಒಂದು ಕ್ರಮಬದ್ಧವಾದ ಪರೀಕ್ಷೆಯಲ್ಲಿ, ಈ ವಿಧಾನದಿಂದ ಸರಾಸರಿ ಒಂದು ಡಯಾಪ್ಟರಿನಷ್ಟು ಮಾತ್ರ ಸುಧಾರಣೆಯಾಗುವುದೆಂದೂ ಅದೂ ಸ್ಥಿರವಾಗಿ ನಿಲ್ಲುವುದಿಲ್ಲವೆಂದೂ ಕಂಡುಬಂದಿತು. ಹಗಲೆಲ್ಲ ಗಟ್ಟಿ ಮಸೂರವನ್ನು ತೊಟ್ಟು ಇಷ್ಟನ್ನೇ ಪಡೆಯುವುದಾದರೆ ಕನ್ನಡಕವೇ ಸಾಕಲ್ಲವೆ?

ಬಿಕ್ಕಟ್ಟನ್ನು ಬಿಡಿಸಿದುದು ಮಸೂರದ ಒಳಮೈಯ ಹೊಸ ವಿನ್ಯಾಸ. ೧೯೮೯ರ ಹೊತ್ತಿಗೆ ಅಮೆರಿಕದಲ್ಲಿ ವ್ಲೊಡಿಗ ಮತ್ತು ಸ್ಟೊಯನ್ ಎಂಬವರು, ನಡುವೆ ಚಪ್ಪಟೆಯಾಗಿದ್ದು ಅದರ ಸುತ್ತಲಿನ ಬಳೆಯಲ್ಲಿ ಹೆಚ್ಚು ಕಡಿದಾಗಿ ಬಾಗಿರುವ ಮಸೂರವನ್ನು ಬಳಕೆಗೆ ತಂದರು. ಸಾಮಾನ್ಯ ಮಸೂರಗಳು ಅಂಚಿನ ಕಡೆಗೆ ಹೋದಂತೆ ಚಪ್ಪಟೆಯಾಗುತ್ತವೆ. ಇದು ಅದಕ್ಕೆ ವಿಪರೀತ. ಕಡಿದಾದ ಬಳೆಯ ಆಚೆಗೆ ಇನ್ನೊಂದು ಬಳೆ ಕಾರ್ನಿಯದ ಇಳಿಜಾರಿಗೆ ಹೊಂದಿಕೊಂಡು ಕೂರುವುದರಿಂದ ಮಸೂರ ಜಾರುವುದಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗಿದೆ. ದಿಂಬಿನ ಮಡಿಕೆ ರಾತ್ರಿಯೆಲ್ಲ ಒತ್ತಿ ಕೆನ್ನೆಯ ಮೇಲೆ ಗೆರೆ ಮೂಡಿಸುವಂತೆ, ಈ ಮಸೂರವೂ ಕಣ್ಣನ್ನು ಒತ್ತಿ ಚಪ್ಪಟೆ ಮಾಡುವುದೆಂದು ಹಲವರು ತಿಳಿದಿದ್ದಾರೆ. ಬೆಳಗಾದ ಮೇಲೆ ಗೆರೆ ಮೆಲ್ಲಗೆ ಮಾಸುವ ವಿಷಯದಲ್ಲಿ ಈ ಹೋಲಿಕೆ ಸರಿ. ಒತ್ತುವ ವಿಷಯದಲ್ಲಿ ಸರಿಯಲ್ಲ. ಮಸೂರಕ್ಕೂ ಕಾರ್ನಿಯಕ್ಕೂ ನಡುವೆ ಕಣ್ಣೀರಿನ ತೆಳುಪದರವೊಂದು ಇದ್ದೇ ಇರುತ್ತದೆ. ಈ ಪದರ ನಡುವೆ ಅತಿ ತೆಳುವಾಗಿಯೂ ಕಡಿದಾದ ಬಳೆಯ ಅಡಿಯಲ್ಲಿ ದಪ್ಪವಾಗಿಯೂ ಇರುವುದರಿಂದ ದ್ರವದ ಒತ್ತಡ ಎಲ್ಲೆಡೆಯಲ್ಲಿಯೂ ಒಂದೇ ಆಗಿರುವುದಿಲ್ಲ. ನಡುವೆ ತಳ್ಳಿದಂತೆಯೂ ಬಳೆಯ ಅಡಿಯಲ್ಲಿ ಸೆಳೆದಂತೆಯೂ ಆಗಿ, ಹೊರಪದರವು ಮಧ್ಯದಲ್ಲಿ ತೆಳ್ಳಗಾಗಿ ಸುತ್ತಲೂ ಕಾರ್ನಿಯ ಉಂಗುರದಂತೆ ದಪ್ಪವಾಗುತ್ತದೆ. ಆಸ್ಟ್ರೇಲಿಯದ ಹೆಲೆನ್ ಸ್ವಾರ್ಬ್ರಿಕ್ ಮತ್ತು ಅವರ ಸಂಗಡಿಗರು ೧೯೯೮ರಲ್ಲಿ ಕಾರ್ನಿಯದ ದಪ್ಪವನ್ನು ಅಳೆದು ಇದನ್ನು ತೋರಿಸಿದರು.

ಮಲಗುವಾಗಲೇ ಏಕೆ ತೊಡಬೇಕು? ಹಗಲು ರೆಪ್ಪೆ ಬಡಿಯುವಾಗಲೆಲ್ಲ ಮಸೂರ ಅಲುಗುತ್ತದೆ. ನಿದ್ರೆಯಲ್ಲಿ ಮುಚ್ಚಿದ ರೆಪ್ಪೆಯ ಅಡಿಯಲ್ಲಿ ಅದು ನೆಲೆಯಾಗಿ ನಿಲ್ಲುತ್ತದೆ. ಹಗಲಿಗೆ ಕಣ್ಣೂ ಬಿಡುವಾಗುತ್ತದೆ. ಆದರೆ ನಿದ್ರೆಯಲ್ಲಿ ಇನ್ನೊಂದು ಕಷ್ಟವಿದೆ. ಪಾರದರ್ಶಕವಾಗಿರಬೇಕಾದುದರಿಂದ ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ. ಅದು ತನಗೆ ಬೇಕಾದ ಆಮ್ಲಜನಕವನ್ನು ಕಣ್ಣೀರಿನ ಮೂಲಕ ನೇರವಾಗಿ ಗಾಳಿಯಿಂದಲೇ ಪಡೆಯುತ್ತದೆ. ರೆಪ್ಪೆ ಮುಚ್ಚಿದಾಗ ರೆಪ್ಪೆಯ ಒಳಮೈಯ ನಾಳಗಳಿಂದ ಅದಕ್ಕೆ ದೊರೆಯುವ ಆಮ್ಲಜನಕದ ಒತ್ತಡ ಹಗಲಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಅದರ ಮೇಲೆ ಹಳೆಯ ಕಾಲದ ಪ್ಲಾಸ್ಟಿಕ್ ಮಸೂರವನ್ನೂ ಮುಚ್ಚಿದರೆ ಕಾರ್ನಿಯ ಉಸಿರುಕಟ್ಟಿ ಊದಿಕೊಳ್ಳುತ್ತಿತ್ತು. ಆಮ್ಲಜನಕವನ್ನು ಧಾರಾಳವಾಗಿ ಹಾಯಗೊಡುವ ಹೊಸ ದ್ರವ್ಯಗಳು ಸಿದ್ಧವಾದ ಮೇಲೆಯೇ ರಾತ್ರಿಯ ಬಳಕೆ ಸಾಧ್ಯವಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಮಸೂರಕ್ಕೆ ಮೊದಲ ಬಾರಿಗೆ ರಾತ್ರಿ ಬಳಕೆಯ ಒಪ್ಪಿಗೆ ಕೊಟ್ಟುದು ೨೦೦೨ರಲ್ಲಿ. ಈ ಚಿಕಿತ್ಸೆಗೆ ಆರ್ಥೊಕೆರಟಾಲಜಿ ಎಂದು ಹೆಸರು. ನಮ್ಮಲ್ಲಿ ಬೆಂಗಳೂರು, ಹೈದರಾಬಾದು, ಚೆನ್ನೈಗಳಂಥ ನಗರಗಳಲ್ಲಿ ಇದು ದೊರೆಯುತ್ತದೆ.

ಮೊದಲನೆಯ ರಾತ್ರಿಯಲ್ಲಿಯೇ ಸಾಕಷ್ಟು ಬದಲಾವಣೆ ತೋರುತ್ತದೆ. ಪೂರ್ಣ ಫಲಕ್ಕೆ ಒಂದೆರಡು ವಾರ ಬೇಕು. ನಾಲ್ಕು ಡಯಾಪ್ಟರಿನವರೆಗಿನ ದೋಷಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ; ಅದಕ್ಕೂ ಮೇಲೆ ಹೋದಂತೆ ಫಲದ ಖಚಿತತೆ ಕಡಿಮೆ. ಹಗಲು ಕಳೆದಂತೆ ಕಾರ್ನಿಯ ತನ್ನ ಹಳೆಯ ಉಬ್ಬಿನತ್ತ ಮರಳತೊಡಗುವುದರಿಂದ ಕೆಲವರಿಗೆ ಸಂಜೆಗೆ ಸ್ವಲ್ಪ ಮಬ್ಬಾಗಬಹುದು. ಕತ್ತಲಾದ ಮೇಲೆ ಪಾಪೆ ಅಗಲವಾಗಿ, ತಿದ್ದಿದ ಚಿಕ್ಕ ವೃತ್ತದ ಆಚೆಯಿಂದಲೂ ಬೆಳಕು ಒಳಸೇರುತ್ತದೆ. ಆಗ ಬೀದಿದೀಪಗಳ ಸುತ್ತ ಪ್ರಭೆಯ ಬಳೆ ಕಾಣುವುದುಂಟು. ಮಸೂರವನ್ನು ಬಿಟ್ಟುಬಿಟ್ಟರೆ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ, ಹಳೆಯ ಕನ್ನಡಕವೇ ಮತ್ತೆ ಬೇಕಾಗುತ್ತದೆ. ಹೀಗಾಗಿ ಇದನ್ನು ಸಮೀಪದೃಷ್ಟಿಯ ‘ನಿವಾರಣೆ’ ಎಂದು ಯಾರಾದರೂ ಜಾಹೀರು ಮಾಡಿದರೆ ಅದನ್ನು ನಂಬಬೇಕಾದುದಿಲ್ಲ. ಕೋಣೆ ಉದ್ದವಾಗಿಯೇ ಇದೆ. ಪೊಲೀಸು, ಸೈನ್ಯ, ರೈಲ್ವೆಗಳ ಕೆಲವು ಹುದ್ದೆಗಳಿಗೆ ಬರಿಗಣ್ಣಿನ ದೃಷ್ಟಿಯನ್ನೇ ಅಳೆಯುತ್ತಾರಷ್ಟೆ. ಪರೀಕ್ಷೆಯ ಮುನ್ನಾದಿನಗಳಲ್ಲಿ ಈ ಮಸೂರವನ್ನು ತೊಟ್ಟು ಪಾರಾಗಬಹುದೆಂಬ ಸಲಹೆ ಕೆಲವು ತರುಣರ ಕಿವಿಗೆ ಬಿದ್ದಿರುವುದನ್ನು ನಾವು ಕೇಳಿದ್ದೇವೆ. ಎರಡು ವಾರ ಮಸೂರ ದೊರೆಯದ ಠಾಣ್ಯದಲ್ಲಿ ಆ ತರುಣನಿಗೆ ಏನು ಕಾಣುವುದೆಂದು ಯೋಚಿಸಿದರೆ ಸಾಕು.

ಹಾಗಾದರೆ ಬರಿಯ ಅನುಕೂಲಕ್ಕಾಗಿ ಇಷ್ಟು ಹಣ ತೆರಬೇಕೆ? ಇಲ್ಲಿಯೇ ಈ ಮಸೂರದ ಕಥೆ ಒಂದು ಅನಿರೀಕ್ಷಿತ ತಿರುವನ್ನು ಪಡೆಯಿತು. ಕಣ್ಣು ಏಕೆ ಉದ್ದವಾಗುತ್ತದೆಂಬುದು ಬಹುಕಾಲ ಒಗಟಾಗಿತ್ತು. ತಂದೆತಾಯಿಗಳಿಗೆ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಆದರೆ ಅನುವಂಶಿಕತೆಯೊಂದೇ ಕಾರಣವಾಗಿದ್ದರೆ ಒಂದೆರಡು ತಲೆಮಾರುಗಳಲ್ಲಿ ಸಮೀಪದೃಷ್ಟಿ ಹೀಗೆ ಹಬ್ಬುತ್ತಿರಲಿಲ್ಲ. ೨೦೧೬ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ೨೦೦೦ದಲ್ಲಿ ಲೋಕದ ಜನರಲ್ಲಿ ನೂರಕ್ಕೆ ಸುಮಾರು ೨೩ ಮಂದಿಗೆ ಇದ್ದ ಈ ದೋಷ ೨೦೫೦ರ ವೇಳೆಗೆ ನೂರಕ್ಕೆ ೫೦ ಮಂದಿಗೆ ಬರಲಿದೆ. ೧೯೭೭ರಲ್ಲಿ ವೀಸೆಲ್ ಮತ್ತು ರವಿಯೋಲ ಎಂಬ ವಿಜ್ಞಾನಿಗಳು, ರೆಪ್ಪೆಯನ್ನು ಹೊಲಿದು ಮುಚ್ಚಿದ ಕೋತಿಮರಿಗಳ ಕಣ್ಣುಗುಡ್ಡೆ ಅಸಹಜವಾಗಿ ಉದ್ದವಾಗುವುದನ್ನು ಕಂಡರು. ಮುಂದೆ ಕೋಳಿಮರಿಗಳಿಗೆ ಮಸೂರಗಳನ್ನು ತೊಡಿಸಿ ನೋಡಿದಾಗ, ಪರದೆಯ ಹಿಂದೆ ಬಿಂಬ ಬೀಳುವಂತೆ ಮಾಡಿದರೆ ಕಣ್ಣು ಅದನ್ನು ಬೆನ್ನಟ್ಟಿ ಹಿಂದಕ್ಕೆ ಬೆಳೆಯುವುದೆಂದು ತಿಳಿದುಬಂದಿತು. ಎಂದರೆ ಬೆಳೆಯುತ್ತಿರುವ ಕಣ್ಣು ತನ್ನ ಮೇಲೆ ಬೀಳುವ ಬಿಂಬವನ್ನು ನೋಡಿಕೊಂಡೇ ತನ್ನ ಉದ್ದವನ್ನು ನಿರ್ಧರಿಸುತ್ತದೆ.

ಸಾಮಾನ್ಯ ಕನ್ನಡಕ ನಡುನೋಟವನ್ನು ಸರಿಪಡಿಸಿದರೂ ಅಂಚಿನ ನೋಟದ ಬಿಂಬವನ್ನು ಪರದೆಯ ಹಿಂದಕ್ಕೆ ತಳ್ಳಬಲ್ಲುದು. ರಾತ್ರಿಯ ಮಸೂರ ಕಾರ್ನಿಯದ ಸುತ್ತ ಮೂಡಿಸುವ ದಪ್ಪ ಉಂಗುರವಾದರೋ ಅಂಚಿನ ಕಿರಣಗಳನ್ನು ಹೆಚ್ಚು ಬಾಗಿಸಿ ಪರದೆಯ ಮುಂದಕ್ಕೆ ತರುತ್ತದೆ. ಕಣ್ಣಿಗೆ ಬೆಳೆಯುವ ಪ್ರಚೋದನೆ ತಗ್ಗುವುದು ಇದರಿಂದಲೇ ಇರಬೇಕೆಂಬುದು ಪ್ರಬಲವಾದ ಅಭಿಪ್ರಾಯ. ಹಾಂಗ್‌ಕಾಂಗಿನಲ್ಲಿ ಪೌಲೀನ್ ಚೋ ಮತ್ತು ಚೆಂಗ್ ಎಂಬವರು ೬ರಿಂದ ೧೦ ವರ್ಷದ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕನ್ನಡಕವನ್ನೂ ಇನ್ನೊಂದಕ್ಕೆ ರಾತ್ರಿಯ ಮಸೂರವನ್ನೂ ಕೊಟ್ಟು ಎರಡು ವರ್ಷ ಗಮನಿಸಿದರು. ಕನ್ನಡಕದವರ ಕಣ್ಣು ಸರಾಸರಿ ೦.೬೩ ಮಿಲಿಮೀಟರು ಬೆಳೆಯಿತು, ಮಸೂರದವರದು ೦.೩೬ ಮಿಲಿಮೀಟರು. ೨೦೧೨ರಲ್ಲಿ ಪ್ರಕಟವಾದ ಈ ಫಲಿತಾಂಶದಂತೆ ಬೆಳವಣಿಗೆ ನೂರಕ್ಕೆ ೪೩ರಷ್ಟು ತಗ್ಗಿತ್ತು. ಬೆಳೆದ ಕಣ್ಣು ಮೋಟಾಗಲಿಲ್ಲ. ಬೆಳೆಯುವ ವೇಗ ಕಡಿಮೆಯಾಯಿತು. ಅತಿಯಾಗಿ ಹಿಗ್ಗಿದ ಕಣ್ಣಿನಲ್ಲಿ ಅಕ್ಷಿಪಟಲ ತೆಳ್ಳಗಾಗಿ ಮುಂದೆ ಹರಿಯುವ, ಕಳಚಿಕೊಳ್ಳುವ ಅಪಾಯವಿರುವುದರಿಂದ ಇದನ್ನು ಬರಿಯ ಕನ್ನಡಕದ ನಂಬರಿನ ಮಾತೆಂದು ತಳ್ಳಿಹಾಕುವಂತಿಲ್ಲ.

ಇಷ್ಟು ಹೇಳಿದ ಬಳಿಕ ಅಪಾಯದ ಮಾತನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ನೋಡಲು ಸೌಮ್ಯವಾದ ಈ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಭಯಪಡಬೇಕಾದ ವಸ್ತು ನೀರು. ನಲ್ಲಿಯ ನೀರು, ಕೊಡದ ನೀರು, ಕುದಿಸಿ ಆರಿಸಿದ ನೀರು, ಯಾವುದೂ ಈ ಮಸೂರವನ್ನು ಸೋಕಬಾರದು. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಅಕಾಂತಮೀಬ ಎಂಬ ಏಕಕೋಶಜೀವಿಯೊಂದು ವಾಸಿಸುತ್ತದೆ. ಕುಡಿದರೆ ನಮಗೆ ತೊಂದರೆ ಕೊಡದ ಈ ಜೀವಿ, ಮಸೂರದ ಅಡಿಯಲ್ಲಿ ಸಿಕ್ಕಿ ಕಾರ್ನಿಯವನ್ನು ಹೊಕ್ಕರೆ ತಿಂಗಳುಗಟ್ಟಲೆ ನೋವು ಕೊಟ್ಟು ಅಳಿಯದ ಕಲೆಯನ್ನು ಉಳಿಸಿಹೋಗಬಲ್ಲುದು. ಚೀನ ಮತ್ತು ತೈವಾನುಗಳಲ್ಲಿ ಈ ಚಿಕಿತ್ಸೆ ಸರಿಯಾದ ಹತೋಟಿಯಿಲ್ಲದೆ ಹಬ್ಬಿದಾಗ ಮಕ್ಕಳ ಕಣ್ಣುಗಳು ಹಾಳಾದ ವರದಿಗಳು ಒಂದರ ಮೇಲೊಂದು ಬಂದುವು. ೨೦೦೫ರಲ್ಲಿ ವಾಟ್ ಮತ್ತು ಸ್ವಾರ್ಬ್ರಿಕ್ ಅಲ್ಲಿಯವರೆಗೆ ವರದಿಯಾಗಿದ್ದ ಮೊದಲ ೫೦ ಸೋಂಕುಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅರ್ಧದಷ್ಟಕ್ಕೆ ಸೂಡೊಮೊನಸ್ ಎಂಬ ಬ್ಯಾಕ್ಟೀರಿಯವೂ ಸುಮಾರು ಮೂರನೆಯ ಒಂದು ಭಾಗಕ್ಕೆ ಅಕಾಂತಮೀಬವೂ ಕಾರಣವಾಗಿದ್ದುವು. ಮಸೂರವನ್ನು ನಲ್ಲಿಯ ನೀರಿನಲ್ಲಿ ತೊಳೆದ ಪ್ರಸಂಗಗಳು ಅವುಗಳಲ್ಲಿ ಅನೇಕ. ಮುಂದೆ ಅಮೆರಿಕದಲ್ಲಿ ಹೆಚ್ಚು ಎಚ್ಚರಿಕೆಯ ಬಳಕೆಯನ್ನು ಕುರಿತು ನಡೆದು ೨೦೧೩ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಹತ್ತು ಸಾವಿರ ಮಂದಿ ಒಂದು ವರ್ಷ ಧರಿಸಿದರೆ ಏಳೆಂಟು ಮಂದಿಗೆ ಸೋಂಕು ತಗಲುವುದೆಂಬ ಲೆಕ್ಕ ಬಂದಿತು. ಆ ಸಮೀಕ್ಷೆಯಲ್ಲಿ ಸೋಂಕು ತಗಲಿದ ಇಬ್ಬರೂ ಮಕ್ಕಳೇ. ಕನ್ನಡಕದಿಂದ ಈ ಅಪಾಯ ಒಂದಿಷ್ಟೂ ಇಲ್ಲವೆಂಬುದನ್ನು ನೆನಪಿಟ್ಟುಕೊಂಡೇ ಆ ಸಂಖ್ಯೆಯನ್ನು ತೂಗಬೇಕು.

ಗುಳೇದಗುಡ್ಡದ ಬೀಳಗಿ ದೂರವಲ್ಲ. ಎರಡೂ ಇಂದು ಬಾಗಲಕೋಟೆ ಜಿಲ್ಲೆಯವೇ. ಆ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನೇತ್ರಶಿಬಿರ ನಡೆಸಿ ಲಕ್ಷಾಂತರ ಮಂದಿಯ ಕಣ್ಣಿನ ಪೊರೆ ತೆಗೆದುದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಅಜ್ಜನವರೂ ಅವರ ಹೆಸರನ್ನೆತ್ತಿ, “ಕಣ್ಣಿಗೆ ಏನರ ಆದ್ರ ತಗಸಿದ್ರಾತು” ಎಂದರು. ಪೊರೆ ಬರುವುದು ಒಳಗಿನ ಮಸೂರಕ್ಕೆ. ಅದನ್ನು ತೆಗೆದರೆ ನೋಟ ಮರಳುತ್ತದೆ. ಕಾರ್ನಿಯದ ಮೇಲಿನ ಕಲೆಯನ್ನು ಹಾಗೆ ತೆಗೆಯಲಾಗದು. ಅದು ನಡುವೆ ದಟ್ಟವಾಗಿ ಕುಳಿತರೆ, ತೀರಿಹೋದವರು ದಾನಮಾಡಿದ ಕಾರ್ನಿಯವನ್ನು ಕಸಿಮಾಡುವುದೇ ಕೊನೆಯ ಉಪಾಯ. ಆದುದರಿಂದ ಈ ಮಸೂರವನ್ನು ತೊಡುವವರು ಸಾಬೂನಿನಿಂದ ಕೈ ತೊಳೆದು ಪೂರ್ತಿಯಾಗಿ ಒರೆಸಿಕೊಳ್ಳಬೇಕು. ಮಸೂರವನ್ನು ಅದಕ್ಕೆಂದೇ ತಯಾರಿಸಿದ ದ್ರಾವಣದಿಂದಲೇ ತೊಳೆಯಬೇಕು. ಕಣ್ಣು ಕೆಂಪಾದರೆ, ನೊಂದರೆ, ಬೆಳಕನ್ನು ನೋಡಲಾಗದಿದ್ದರೆ ಅಂದೇ ಮಸೂರ ಬಿಟ್ಟು ವೈದ್ಯರನ್ನು ಕಾಣಬೇಕು. ಮೊದಲ ರಾತ್ರಿಯ ಮರುದಿನ, ಬಳಿಕ ಒಂದು ವಾರಕ್ಕೆ, ತಿಂಗಳಿಗೆ, ಹೀಗೆ ಮತ್ತೆ ಮತ್ತೆ ತಪಾಸಣೆಗೆ ಹೋಗಬೇಕಾಗುತ್ತದೆ. ನಾಲ್ಕು ದಿನಕ್ಕೊಮ್ಮೆ ಬರುವ ನೀರನ್ನು ತೊಟ್ಟಿಯಲ್ಲಿ ತುಂಬಿಟ್ಟುಕೊಳ್ಳುವ, ಮಗ್ಗದ ನೂಲಿನ ಧೂಳು ಮನೆಯೆಲ್ಲ ಹಾರುವ, ವೈದ್ಯರ ಬಳಿಗೆ ಹೋಗಲು ಒಂದು ರಾತ್ರಿಯ ಬಸ್ಸು ಹಿಡಿಯಬೇಕಾದ ಮನೆಯಲ್ಲಿ ಇದು ನಡೆಯುವ ಮಾತೇ ಎಂದು ಆ ತಂದೆಯನ್ನು ನಾವು ನೇರವಾಗಿಯೇ ಕೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಹುಡುಗಿಗೆ ಈಗ ಹದಿನೈದು. ಕಣ್ಣು ವೇಗವಾಗಿ ಉದ್ದವಾಗುವ ವಯಸ್ಸು ಬಹುಮಟ್ಟಿಗೆ ಕಳೆದಿದೆ. ಅವಳಿಗೆ ದೊರೆಯಬಹುದಾದುದು ಕನ್ನಡಕವಿಲ್ಲದ ಹಗಲು ಮಾತ್ರ. ಅದು ಸಣ್ಣ ಸಂತೋಷವಲ್ಲ, ಆದರೆ ಸಾಲ ಮಾಡುವಷ್ಟು ದೊಡ್ಡದೂ ಅಲ್ಲವೆಂದು ನಮ್ಮ ಅಭಿಪ್ರಾಯ. ನಮಗೆ ಹೆಚ್ಚು ಚಿಂತೆಯಾದುದು ಅವಳ ಎಂಟು ವರ್ಷದ ತಮ್ಮನ ವಿಷಯ. ಶಾಲೆಯಲ್ಲಿ ಕರಿಹಲಗೆ ಸರಿಯಾಗಿ ಕಾಣುವುದಿಲ್ಲವೆಂದು ಅವನು ಈಚೆಗೆ ಹೇಳುತ್ತಿದ್ದಾನಂತೆ. ಅವನ ಕಣ್ಣನ್ನು ಮೊದಲು ಪರೀಕ್ಷಿಸಿ, ಸಾಧ್ಯವಾದರೆ ಅದರ ಉದ್ದವನ್ನೂ ಅಳೆಯಿಸಿ, ಆರು ತಿಂಗಳ ಬಳಿಕ ಮತ್ತೆ ಅಳೆಯಿಸಬೇಕೆಂದು ಹೇಳಿದೆವು. ವೇಗವಾಗಿ ಬೆಳೆಯುತ್ತಿದ್ದರೆ ರಾತ್ರಿಯ ಮಸೂರವಲ್ಲದೆ ಬೇರೆ ಉಪಾಯಗಳೂ ಇವೆ. ಅತಿ ದುರ್ಬಲವಾದ ಅಟ್ರೊಪೀನ್ ಹನಿಗಳನ್ನು ಸಿಂಗಪುರದಲ್ಲಿಯೂ ಬಳಿಕ ನಮ್ಮ ದೇಶದಲ್ಲಿಯೂ ಪರೀಕ್ಷಿಸಿದ್ದಾರೆ. ವೈದ್ಯರು ಹೇಳಿದರೆ ಅವನ್ನು ಬಳಸಬಹುದು. ಎಲ್ಲಕ್ಕಿಂತ ಅಗ್ಗದ ಉಪಾಯ ಬಿಸಿಲು. ಚೀನದ ಗ್ವಾಂಗ್‌ಜೌ ನಗರದಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ ೪೦ ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟುದಷ್ಟರಿಂದಲೇ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ನೂರಕ್ಕೆ ೩೯.೫ ಇರಬೇಕಾದಲ್ಲಿ ೩೦.೪ಕ್ಕೆ ಇಳಿಯಿತೆಂದು ೨೦೧೫ರಲ್ಲಿ ವರದಿಯಾಯಿತು. ಹೊರಗಿನ ಪ್ರಖರವಾದ ಬೆಳಕೇ ಕಣ್ಣಿನ ಬೆಳವಣಿಗೆಯನ್ನು ತಡೆಯುವುದೆಂದು ಹೆಚ್ಚಿನ ಸಂಶೋಧಕರ ಭಾವನೆ. ಗುಳೇದಗುಡ್ಡದಲ್ಲಿ ನೀರಿಗೆ ಬರವಿರಬಹುದು, ಬಿಸಿಲಿಗಂತೂ ಬರವಿಲ್ಲ. ಆ ಹುಡುಗನ ಕೈಯಲ್ಲಿ ಅಂದು ಮಧ್ಯಾಹ್ನದಿಂದ ಇದ್ದುದು ಒಂದು ಮೊಬೈಲ್ ಫೋನು.

ನಾವು ಹೊರಡಲು ಎದ್ದಾಗ ಅಜ್ಜನವರು, “ಅಲ್ರೀ, ನನ್ನ ಕಣ್ಣಿಗೂ ಆ ಲೆನ್ಸ್ ಹಾಕಿಸಿದ್ರ?” ಎಂದು ನಗುತ್ತ ಕೇಳಿದರು. ಅವರ ವಿಷಯ ಬೇರೆ. ನಲವತ್ತು ದಾಟಿದ ಬಳಿಕ ಕಣ್ಣಿನ ಒಳಗಿನ ಮಸೂರ ಬಿರುಸಾಗಿ, ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸರಿಯಾದ ಕಣ್ಣಿನವರಿಗೆ ಆಗ ಓದುವ ಕನ್ನಡಕ ಬೇಕಾಗುತ್ತದೆ. ಎರಡೂವರೆ ಡಯಾಪ್ಟರಿನ ಸಮೀಪದೃಷ್ಟಿ ಇರುವವರಿಗಾದರೆ ೪೦ ಸೆಂಟಿಮೀಟರಿನಲ್ಲಿರುವ ವಸ್ತು ಮುಪ್ಪಿನಲ್ಲಿಯೂ ಬರಿಗಣ್ಣಿಗೇ ಸ್ಪಷ್ಟವಾಗಿ ಕಾಣುತ್ತದೆ. ಕುಣಿಯಲ್ಲಿ ಕುಳಿತ ನೇಕಾರನ ಕಣ್ಣಿಗೂ ಬಾಗಿ ನೋಡಿದ ಎಳೆಗೂ ಇರುವ ದೂರ ಅಷ್ಟೇ. ಅವರ ದೂರದ ನೋಟವನ್ನು ತಿದ್ದಿದರೆ ಎಳೆ ಗಂಟುಹಾಕಲು ಇನ್ನೊಂದು ಚಷ್ಮಾ ಬೇಕಾಗುವುದೆಂದು ನಾವು ಹೇಳಿದೆವು. “ಹಂಗಾರ ಬ್ಯಾಡ ಬಿಡ್ರಿ” ಎಂದು ಅವರು ಮೊಳೆಯಿಂದ ಕನ್ನಡಕವನ್ನು ತೆಗೆದು ತೊಟ್ಟುಕೊಂಡು, ನಮ್ಮನ್ನು ಓಣಿಯ ತಿರುವಿನವರೆಗೆ ಕಳುಹಿಸಲು ಬಂದರು.